ಶಾಲು ಬೇಡ, ಚೀಟಿ ಹಾಕಿ

ನಮ್ಮ ಕಡೆ ಕಬಡ್ಡಿ ಆಟಗಾರನಿಗೆ ವಯಸ್ಸಾಯಿತು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಶಾಲು ಹೊದಿಸುತ್ತಾರೆ. ಒಂದು ಶಾಲು, ತಲೆಗೊಂದು ಪೇಟ, ಕೈಗೆ ಪ್ಲಾಸ್ಟಿಕ್ ಹಾಳೆ ಸುತ್ತಿದ ಹಣ್ಣಿನ ಬುಟ್ಟಿ, ಮೈಕಿನಲ್ಲಿ "ನಮ್ಮೆಲ್ಲರ ಹೆಮ್ಮೆಯ ಹಿರಿಯ ಕ್ರೀಡಾಪಟು". ಜನ ಚಪ್ಪಾಳೆ ತಟ್ಟುತ್ತಾರೆ. ಮಾರನೆಯ ವರ್ಷದಿಂದ ಯಾವ ತಂಡದವರೂ ಅವನಿಗೆ ಫೋನ್ ಮಾಡುವುದಿಲ್ಲ. ಮಾಡಿದರೂ ಉದ್ಘಾಟನೆಗೆ ಬನ್ನಿ ಎಂದು ಮಾಡುತ್ತಾರೆ. ಸನ್ಮಾನ ಶುರುವಾಯಿತು ಎಂದರೆ ಸಂಭಾವನೆ ನಿಂತಿತು ಎಂದೇ ಲೆಕ್ಕ. ಬೇರೆಯವರಿಗೆ ಹೀಗಾದಾಗಲೆಲ್ಲ ನಾನು ಹಿಂದಿನ ಸಾಲಿನಲ್ಲಿ ಕುಳಿತು ನಕ್ಕಿದ್ದೇನೆ. ನನ್ನ ಬುಡಕ್ಕೇ ಬಂದಾಗ ಮೈಯೆಲ್ಲ ಉರಿದುಹೋಯಿತು.

ನಾನು ಹೊಸನಗರದಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿರುವವನು. ಅಕ್ಕಿ, ರಾಗಿ, ಗೋಧಿ ಒಂದು ಮೆಷಿನ್ನಿನಲ್ಲಿ, ಮೆಣಸಿನಕಾಯಿ ಇನ್ನೊಂದರಲ್ಲಿ. ಬೆಳಗ್ಗೆ ನಾನು, ಮಧ್ಯಾಹ್ನದ ಮೇಲೆ ಹೆಂಡತಿ. ಇದು ಹೊಟ್ಟೆಯ ಪಾಡು. ಇದರ ಜೊತೆಗೆ ಇಪ್ಪತ್ತು ವರ್ಷದಿಂದ ದುಡ್ಡು ತೆಗೆದುಕೊಂಡು ಕಬಡ್ಡಿ ಆಡುತ್ತಾ ಬಂದಿದ್ದೇನೆ. ನಾನು ನಿಲ್ಲುವುದು ಎಡಗಡೆಯ ಮೂಲೆಯಲ್ಲಿ. ಎದುರು ತಂಡದ ರೈಡರ್ ನಮ್ಮ ಅಂಕಣಕ್ಕೆ ಬಂದು ಕಾಲು ಚಾಚಿದಾಗ ಅವನ ಹಿಮ್ಮಡಿ ಹಿಡಿದು ಅಲ್ಲೇ ಕೆಡವುವುದು ನನ್ನ ಕೆಲಸ. ರೈಡರಿಗೆ ಶಿಳ್ಳೆ ಬೀಳುತ್ತದೆ, ಮೂಲೆಯವನಿಗೆ ಮಂಡಿ ನೋವು ಬರುತ್ತದೆ. ದುಡ್ಡಿನಲ್ಲೂ ಹಾಗೆಯೇ, ಒಳ್ಳೆಯ ರೈಡರಿಗೆ ಕೊಡುವುದರ ಅರ್ಧ ನಮಗೆ ಸಿಕ್ಕಿದರೆ ಪುಣ್ಯ.

ಮೊದಲ ಸಲ ಸಾಗರದ ತಂಡವೊಂದು ನನ್ನನ್ನು ಆಡಲು ಕರೆದುಕೊಂಡು ಹೋದಾಗ ಬಸ್ ಚಾರ್ಜು ಕೊಟ್ಟು, ಹೋಟೆಲಿನಲ್ಲಿ ಮೊಟ್ಟೆ ಸಾರು ಅನ್ನ ಹಾಕಿಸಿದ್ದರು. ನಾನು ಆವತ್ತು ದೊಡ್ಡ ಮನುಷ್ಯನಾದೆ ಎಂದುಕೊಂಡಿದ್ದೆ. ಇಪ್ಪತ್ತೇಳು ಇಪ್ಪತ್ತೆಂಟರ ಹೊತ್ತಿಗೆ ತಂಡದವರು ಕಾರು ಮಾಡಿಕೊಂಡು ಗಿರಣಿಯ ಬಾಗಿಲಿಗೇ ಬರುತ್ತಿದ್ದರು. ನಾನು ಮೆಷಿನ್ ನಿಲ್ಲಿಸದೆ, ಆ ಗಲಾಟೆಯಲ್ಲೇ ಬೆರಳು ತೋರಿಸಿ ರೇಟು ಹೇಳುತ್ತಿದ್ದೆ. ಅವರು ಹೂಂ ಎನ್ನುತ್ತಿದ್ದರು. ಮೂವತ್ಮೂರರವರೆಗೆ ಅದು ಏರಿತು, ಆಮೇಲೆ ನಿಂತಿತು, ಆಮೇಲೆ ಸದ್ದಿಲ್ಲದೆ ಇಳಿಯತೊಡಗಿತು. ತಮಾಷೆ ಏನು ಗೊತ್ತೇ, ನಾನು ಆಟ ಕಲಿತದ್ದೇ ಮೂವತ್ತು ದಾಟಿದ ಮೇಲೆ. ಇಪ್ಪತ್ತರಲ್ಲಿ ರೈಡರನ ಕಾಲು ನೋಡಿ ಹಾರುತ್ತಿದ್ದೆ, ಹತ್ತರಲ್ಲಿ ಆರು ಸಲ ಮಣ್ಣು ಹಿಡಿಯುತ್ತಿದ್ದೆ. ಈಗ ಅವನ ಉಸಿರು ಕೇಳಿದರೆ ಸಾಕು, ಎತ್ತ ತಿರುಗುತ್ತಾನೆ ಎಂದು ಗೊತ್ತಾಗುತ್ತದೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುವುದು ಕಬಡ್ಡಿಯವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

ಹೊಸನಗರ, ಸಾಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನವರು ಸೇರಿ ನಡೆಸುವ ಲೀಗ್ ಒಂದಿದೆ. ಆಟಗಾರರನ್ನು ಹರಾಜಿನಲ್ಲಿ ಕೊಳ್ಳುತ್ತಾರೆ, ಆಡಿಸಿ ದುಡ್ಡು ಕೊಡುತ್ತಾರೆ. ಕಳೆದ ಸಲ ಹರಾಜಿಗೆ ಇನ್ನೂ ಒಂದು ವಾರವಿದ್ದಾಗ, ಗಿರಣಿಗೆ ರಾಗಿ ತಂದ ಹೆಂಗಸೊಬ್ಬರು ನನ್ನನ್ನು ನೋಡಿ ಚೀಲ ಕೈಬಿಟ್ಟರು.

"ಅಯ್ಯೋ ದೇವ್ರೇ, ಇದೀರಾ! ಬಸ್‌ಸ್ಟ್ಯಾಂಡಲ್ಲಿ ನಿಮ್ಮ ಫೋಟೋ ದೊಡ್ಡದಾಗಿ ಹಾಕಿದಾರೆ. ನಂಗೆ ಎದೆ ಧಸಕ್ ಅಂತು."

ಗಿರಣಿ ಅವರಿಗೇ ಬಿಟ್ಟು ಓಡಿದೆ. ನಿಜ. ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸ್. ಮೇಲೆ ಲೀಗಿನ ಹೆಸರು, ಕೆಳಗೆ ಗಣ್ಯರ ಸಾಲು ಸಾಲು ಮುಖ, ನಡುವೆ ಒಂದು ದುಂಡನೆಯ ಹೂವಿನ ಚೌಕಟ್ಟಿನಲ್ಲಿ ನಾನು. 'ಹಿರಿಯ ಕ್ರೀಡಾಪಟುವಿಗೆ ಗೌರವ ಸನ್ಮಾನ'. ಆ ಹೂವಿನ ಚೌಕಟ್ಟು ನೋಡಿದರೆ ಯಾರಿಗಾದರೂ ವೈಕುಂಠ ಸಮಾರಾಧನೆಯೇ ನೆನಪಾಗಬೇಕು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಸಮಿತಿಯ ಕಾರ್ಯದರ್ಶಿಗೆ ಅಲ್ಲೇ ನಿಂತು ಫೋನ್ ಮಾಡಿದೆ. ಸಾಗರದಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿರುವ ಸಭ್ಯ ಮನುಷ್ಯ ಆತ.

"ನಿಮಗೆ ಸರ್‌ಪ್ರೈಸ್ ಕೊಡಾಣ ಅಂತ ಸಾರ್," ಎಂದ.

"ನಾನು ಹರಾಜಿಗೆ ಹೆಸ್ರು ಕೊಟ್ಟಿದ್ದೀನಲ್ಲ ಮಾರಾಯ!"

"ಅದೂ ಇರ್ಲಿ ಸಾರ್, ಇದೂ ಇರ್ಲಿ. ಎಂತಾಗ್ತದೆ?"

ಸಾರ್! ಮೂರು ವರ್ಷದ ಹಿಂದೆ ಇದೇ ಮನುಷ್ಯ ನನ್ನನ್ನು "ಏ, ಲೇಟಾಯ್ತು, ಬಾರಾ" ಎಂದು ಕರೆಯುತ್ತಿದ್ದ. ಫ್ಲೆಕ್ಸಿಗಿಂತ ಆ ಸಾರ್ ಎನ್ನುವುದೇ ನನಗೆ ಹೆಚ್ಚು ಚುಚ್ಚಿತು. ಇದೂ ಇದ್ದ ಮೇಲೆ ಅದು ಇರುವುದಿಲ್ಲ ಎನ್ನುವುದು ಅವನಿಗೆ ಹೊಳೆಯಲೇ ಇಲ್ಲ. ಶಾಲು ಹೊದೆಯುವವನನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ?

ಗಿರಣಿಗೆ ವಾಪಸ್ಸು ಬಂದು ಕೂಗಾಡಿದೆ. ನನ್ನ ಹೆಂಡತಿ ಮೆಣಸಿನ ಮೆಷಿನ್ ಒರೆಸುತ್ತಾ ಎಲ್ಲ ಕೇಳಿಸಿಕೊಂಡಳು.

"ಅಲ್ಲ ಮಾರಾಯ್ರೇ, ಗಿರಣಿ ನಡೀತಾ ಇದೆ. ಕೈಗೆ ಬಾಯಿಗೆ ಕಮ್ಮಿ ಆಗಿಲ್ಲ. ಒಂದು ಶಾಲು ಹೊದ್ಕಂಡ್ ಬಂದ್ರೆ ಎಂತ ಆಗದು ನಿಮ್ಗೆ?"

"ದುಡ್ಡಿನ ಮಾತಲ್ಲ ಇದು."

"ದುಡ್ಡೇ ಕೊಡಬೇಕು ಅಂತ ಕೂಗ್ತಾ ಇರೋದು ಯಾರು ಹಾಗಾದ್ರೆ? ಪಕ್ಕದ ಮನೆಯೋರಾ?"

"ದುಡ್ಡು ಕೊಟ್ರೆ ನಾನಿನ್ನೂ ಆಟಗಾರ. ಶಾಲು ಕೊಟ್ರೆ ಮುಗೀತು. ಅಷ್ಟೇ."

ಅವಳು ಒರೆಸುವ ಬಟ್ಟೆ ಕೊಡವಿ, "ಹಂಗಾದ್ರೆ ಹೋಗಿ ಕೇಳಿ. ಇಲ್ಲಿ ನನ್ ಹತ್ರ ಕೂಗಿದ್ರೆ ನಾನೇನು ಹರಾಜು ಕೂಗ್ತೀನಾ?" ಎಂದಳು. ಅವಳ ಮಾತು ಯಾವಾಗಲೂ ಹೀಗೆಯೇ, ಮೊದಲು ಕೋಪ ಬರುತ್ತದೆ, ಆಮೇಲೆ ಸರಿ ಅನ್ನಿಸುತ್ತದೆ.

ಹರಾಜು ನಡೆದದ್ದು ತೀರ್ಥಹಳ್ಳಿಯ ಒಂದು ಕಲ್ಯಾಣಮಂಟಪದಲ್ಲಿ. ಟಿ.ವಿ.ಯಲ್ಲಿ ನೋಡುವ ಹಾಗೆ ಇಲ್ಲಿ ಯಾರೂ ಫಲಕ ಎತ್ತಿ ಕೂಗುವುದಿಲ್ಲ. ನಮ್ಮ ತಂಡಗಳ ಮಾಲೀಕರು ಹೆಚ್ಚಿನವರು ಅಡಿಕೆ ವ್ಯಾಪಾರದವರು, ಅಡಿಕೆ ಮಂಡಿಯ ಕ್ರಮವನ್ನೇ ಇಲ್ಲಿಗೂ ತಂದಿದ್ದಾರೆ. ಮಂಡಿಯಲ್ಲಿ ರಾಶಿಯ ಮುಂದೆ ನಿಂತು, ಮುಷ್ಟಿಯಲ್ಲಿ ಅಡಿಕೆ ಎತ್ತಿ ನೋಡಿ, ಪಕ್ಕದವನಿಗೆ ಕಾಣದ ಹಾಗೆ ಚೀಟಿಯಲ್ಲಿ ರೇಟು ಬರೆದು ಡಬ್ಬಿಗೆ ಹಾಕುತ್ತಿದ್ದರು. ಹೆಚ್ಚು ಬರೆದವನಿಗೆ ಮಾಲು. ಈಗ ಮಂಡಿಗೇ ಕಂಪ್ಯೂಟರ್ ಬಂದಿದೆ, ಚೀಟಿ ನಮ್ಮ ಕಬಡ್ಡಿಯಲ್ಲಿ ಮಾತ್ರ ಉಳಿದಿದೆ. ಆಟಗಾರ ಎದ್ದು ನಿಲ್ಲಬೇಕು, ಮಾಲೀಕರು ಅವನ ತೊಡೆ, ಮೊಣಕಾಲು, ಭುಜ ನೋಡಿ ಚೀಟಿ ಹಾಕುತ್ತಾರೆ. ಒಬ್ಬ ಹಳೆಯ ವ್ಯಾಪಾರಿಯಂತೂ ಹುಡುಗನೊಬ್ಬನ ತೋಳು ಹಿಚುಕಿ ನೋಡಿ, ಕೈಯನ್ನು ಪಂಚೆಗೆ ಒರೆಸಿಕೊಂಡ. ಅಭ್ಯಾಸಬಲ.

ನಾನು ಒಳಗೆ ಕಾಲಿಡುತ್ತಿದ್ದಂತೆ ಕಾರ್ಯದರ್ಶಿ ಓಡಿಬಂದು ಕೈ ಹಿಡಿದು ವೇದಿಕೆಗೆ ಹತ್ತಿಸಿಬಿಟ್ಟ. ಬಿಳಿ ಬಟ್ಟೆ ಹೊದಿಸಿದ ಕುರ್ಚಿ, ಮುಂದೆ ನೀರಿನ ಬಾಟಲಿ. ಕೆಳಗೆ ಬೆಂಚಿನಲ್ಲಿ ಆಟಗಾರರೆಲ್ಲ ಕುಳಿತು ನನ್ನನ್ನು ನೋಡುತ್ತಿದ್ದರು. ನಾನು ಒಂದು ನಿಮಿಷ ಕೂತೆ. ಆಮೇಲೆ ಎದ್ದು, ಮೆಟ್ಟಿಲಿಳಿದು, ಬೆಂಚಿನ ತುದಿಯಲ್ಲಿ ಆನಂದಪುರದ ರೈಡರ್ ಹುಡುಗನ ಪಕ್ಕ ಹೋಗಿ ಕುಳಿತೆ. ಇಪ್ಪತ್ತೆರಡರ ಹರೆಯ, ಮೈಯೆಲ್ಲ ಸ್ಪ್ರಿಂಗು. ಅವನನ್ನು ಕರೆದಾಗ ಡಬ್ಬಿ ತುಂಬ ಚೀಟಿ ಬಿತ್ತು. ತೀರ್ಥಹಳ್ಳಿ ತಂಡಕ್ಕೆ ಅವನು ಹೋದ ರೇಟು ಕೇಳಿ ಸಭೆಯೇ ಹೋ ಎಂದಿತು. ನನಗೆ ಹೊಟ್ಟೆಕಿಚ್ಚು ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು, ಸ್ವಲ್ಪ ಹೊತ್ತು ಇತ್ತು, ಹೋಯಿತು. ನನ್ನ ಕಾಲದಲ್ಲಿ ನನ್ನನ್ನು ನೋಡಿ ಯಾರಿಗೋ ಬಂದಿರಲಿಕ್ಕಿಲ್ಲವೇ.

ಕೊನೆಗೆ ನನ್ನ ಹೆಸರು ಕರೆದರು. ಎದ್ದು ನಿಂತೆ. ಮಾಲೀಕರು ನನ್ನ ಕಡೆ ನೋಡಿ ನಕ್ಕರು, ಒಬ್ಬರು ಕೈ ಮುಗಿದರು. ಯಾರೂ ಪೆನ್ನು ಮುಟ್ಟಲಿಲ್ಲ. ಕಾರ್ಯದರ್ಶಿ ಡಬ್ಬಿ ತೆರೆದು, ಬಗ್ಗಿ ನೋಡಿ, ಮುಚ್ಚಿದ. ಖಾಲಿ. ಇಷ್ಟು ವರ್ಷದ ಆಟದಲ್ಲಿ ಎಷ್ಟೋ ಸಲ ಔಟಾಗಿದ್ದೇನೆ, ಹೀಗೆ ನಿಂತ ನಿಲುವಿನಲ್ಲೇ ಔಟಾದದ್ದು ಅದೇ ಮೊದಲು.

"ಇವ್ರಿಗೆ ಹೇಗೂ ಸನ್ಮಾನ ಇದೆ," ಎಂದು ಕಾರ್ಯದರ್ಶಿ ಮೈಕಿನಲ್ಲಿ ಹೇಳಿದ, ಸಮಾಧಾನ ಮಾಡುವ ದನಿಯಲ್ಲಿ. "ಎಲ್ರೂ ಒಂದು ಜೋರಾದ ಚಪ್ಪಾಳೆ..."

ನಾನು ಹೋಗಿ ಅವನ ಕೈಯಿಂದ ಮೈಕು ಕಿತ್ತುಕೊಂಡೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಸಿಟ್ಟು ಬಂದಾಗ ನನ್ನ ಬಾಯಿ ನನ್ನನ್ನು ಕೇಳುವುದಿಲ್ಲ.

"ನಿಲ್ಲಿ, ಚಪ್ಪಾಳೆ ಬ್ಯಾಡ. ಶಾಲೂ ಬ್ಯಾಡ. ಚೀಟಿ ಹಾಕಿ. ಕಮ್ಮಿ ಬರೀರಿ, ಬೇಜಾರಿಲ್ಲ. ಆದ್ರೆ ಬರೀರಿ. ನೀವೆಲ್ಲ ಅಡಿಕೆಯೋರು ಅಲ್ದಾ? ಹಳೇ ಚಾಲಿ ಅಡಿಕೆಗೆ ಹೊಸ ಚಾಲಿಗಿಂತ ಜಾಸ್ತಿ ಕೊಟ್ಟು ತಗಳ್ತೀರಿ, ಒಣಗಿದಷ್ಟೂ ಒಳ್ಳೇದು ಅಂತೀರಿ. ಮನುಷ್ಯ ಒಣಗಿದ್ರೆ ಮಾತ್ರ ಹಣ್ಣಿನ ಬುಟ್ಟಿ ಕೊಡ್ತೀರಾ?"

ಮೊದಲು ನಕ್ಕವನು ಅದೇ ತೋಳು ಹಿಚುಕಿದ ವ್ಯಾಪಾರಿ. ಆದರೆ ಅವನೂ ಚೀಟಿ ಹಾಕಲಿಲ್ಲ. ನಗುವುದಕ್ಕೆ ಖರ್ಚಿಲ್ಲವಲ್ಲ.

ಆಗ ಹಿಂದಿನ ಕುರ್ಚಿಯಿಂದ ಒಂದು ಹೆಣ್ಣು ದನಿ ಕೇಳಿತು. "ಎಷ್ಟು ವರ್ಷ ನಿಮ್ಗೆ?"

ತೀರ್ಥಹಳ್ಳಿ ತಂಡದ ಒಡತಿ. ಮಾಲೀಕರಲ್ಲಿ ಅಡಿಕೆಯವರಲ್ಲದವರು ಅವರೊಬ್ಬರೇ. ಅವರದು ಖಾಸಗಿ ಬಸ್ಸುಗಳು. ಎಲ್ಲರೂ ಬಸ್ಸಿನಕ್ಕ ಎನ್ನುತ್ತಾರೆ. ಅರವತ್ತರ ಆಸುಪಾಸು, ಬೆಳಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಅವರೇ ನಿಂತು ಬಸ್ಸು ಬಿಡಿಸುತ್ತಾರೆ. ಡ್ರೈವರುಗಳಿಗೆ ಅವರು ಬಯ್ಯುವುದು ಸೇತುವೆಯವರೆಗೂ ಕೇಳುತ್ತದೆ ಎಂದು ಊರವರ ಮಾತು.

"ಮೂವತ್ತೊಂಬತ್ತು," ಎಂದೆ.

"ಮಂಡಿ ಹೆಂಗಿದೆ?"

"ಬಲಗಡೇದು ಚೆನ್ನಾಗಿದೆ."

"ನಾನು ಎರಡ್ರದ್ದೂ ಕೇಳ್ದೆ."

"ಎಡಗಡೇದು ಚಳಿಗೆ ಸ್ವಲ್ಪ ಕಿರಿಕಿರಿ."

ಅವರು ತಾವು ಕೊಂಡ ರೈಡರ್ ಹುಡುಗನ ಕಡೆ ತಿರುಗಿದರು. "ನೀನು ಹೇಳಾ. ಇವ್ರು ಆಡ್ತಾರಾ?"

ಹುಡುಗ ಎದ್ದು ನಿಂತು ತಲೆ ಕೆರೆದುಕೊಂಡ. "ಅಕ್ಕಾ, ಹೋದ್ ವರ್ಷ ಇವ್ರಿದ್ದ ಮೂಲೆಗೆ ನಾನು ಹೋಗ್ತಾನೇ ಇರ್ಲಿಲ್ಲ. ಇನ್ನೊಂದ್ ಕಡೆನೇ ಮುಗಿಸ್ಕೊಂಡು ಓಡಿ ಬರ್ತಿದ್ದೆ. ಇವ್ರು ಬೇರೆ ತಂಡಕ್ಕೆ ಹೋದ್ರೆ ಈ ಸಲಾನೂ ನಂದು ಅದೇ ಕಥೆ."

ಆ ಮಾತು ಕೇಳಿ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವನನ್ನು ಅಲ್ಲೇ ಅಪ್ಪಿಕೊಳ್ಳಬೇಕು ಅನ್ನಿಸಿತು. ಬಸ್ಸಿನಕ್ಕ ಮಾತ್ರ ಮುಖದಲ್ಲಿ ಏನನ್ನೂ ತೋರಿಸಲಿಲ್ಲ.

"ಎಷ್ಟು ಬೇಕು?"

ಹಿಂದಿನ ವರ್ಷ ಸಿಕ್ಕಿದ್ದನ್ನೇ ಹೇಳಿದೆ.

"ಅಷ್ಟೆಲ್ಲ ಆಗಲ್ಲ. ಘಾಟಿ ಇಳಿಸೋಕೆ ನನ್ ಹತ್ರ ಒಬ್ಬ ವಯಸ್ಸಾದ ಡ್ರೈವರಿದಾನೆ. ಎಲ್ಲಿ ನಿಧಾನ ಮಾಡ್ಬೇಕು ಅಂತ ತಿಳಿದೋನು, ಅದಕ್ಕೇ ಹುಡುಗ್ರಿಗಿಂತ ಜಾಸ್ತಿ ಕೊಡ್ತೀನಿ. ಆದ್ರೆ ಅವ್ನು ಮಂಡಿ ಮಡಚಿ ಹಾರಬೇಕಾಗಿಲ್ಲ. ನೀವು ಹಾರಬೇಕು." ಅವರು ಬೇರೆ ಮೊತ್ತ ಹೇಳಿದರು.

"ಅಕ್ಕಾ, ಅದು ಬಾಳಾ ಕಮ್ಮಿ ಆಯ್ತು."

"ಡಬ್ಬಿ ಖಾಲಿ ಇದೆ. ನೆನಪಿದ್ಯಾ?"

ಇಡೀ ಸಭೆಯ ಎದುರು ನಾವಿಬ್ಬರೂ ಬಾಳೆಗೊನೆಯ ವ್ಯಾಪಾರ ಮಾಡುವವರ ಹಾಗೆ ಎಳೆದಾಡಿದೆವು. ನಾನು ಇಳಿದೆ, ಅವರು ಒಂದು ಕೂದಲೆಳೆ ಏರಿದರು. ಕಡೆಗೆ ನಿಂತದ್ದು ಹಿಂದಿನ ವರ್ಷದ್ದಕ್ಕಿಂತ ಸಾಕಷ್ಟು ಕೆಳಗೆ, ಆ ಹುಡುಗನ ಮೊತ್ತದ ಮುಂದೆ ಏನೇನೂ ಅಲ್ಲ. ಆದರೂ ನನಗೆ ಒಳಗೊಳಗೇ ಹಾಲು ಕುಡಿದಷ್ಟು ಖುಷಿ. ಶಾಲಿನ ವಿಷಯದಲ್ಲಿ ಯಾರೂ ಚೌಕಾಸಿ ಮಾಡುವುದಿಲ್ಲ. ಅವರು ಚೀಟಿ ಬರೆದು, ಕ್ರಮ ತಪ್ಪಬಾರದೆಂದು ಡಬ್ಬಿಗೆ ಹಾಕಿದರು. ಕಾರ್ಯದರ್ಶಿ ಆ ಒಂದೇ ಚೀಟಿಯನ್ನು ತೆಗೆದು ಗಂಭೀರವಾಗಿ ಓದಿದ. ಸನ್ಮಾನವನ್ನು ಆ ವರ್ಷ ಒಬ್ಬ ನಿವೃತ್ತ ಅಂಪೈರಿಗೆ ಮಾಡಿದರು. ಅವರಿಗೆ ಬಹಳ ಸಂತೋಷವಾಯಿತು.

ಅಭ್ಯಾಸಕ್ಕೆ ದಿನಾ ಸಂಜೆ ಹೊಸನಗರದಿಂದ ತೀರ್ಥಹಳ್ಳಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಗಿರಣಿಯನ್ನು ಹೆಂಡತಿ ನೋಡಿಕೊಂಡಳು. "ನಿಮ್ಮ ರೇಟಿನಲ್ಲಿ ನನ್ನ ಪಾಲೆಷ್ಟು?" ಎಂದು ಎರಡು ದಿನಕ್ಕೊಮ್ಮೆ ಕೇಳಿದಳು. ತಂಡದ ಹುಡುಗರು ಮೊದಮೊದಲು ನನ್ನ ಚೀಲ ಎತ್ತಿಕೊಳ್ಳಲು ಬರುತ್ತಿದ್ದರು, ಕೋಚು ನನ್ನ ಹತ್ತಿರ ಮಾತಾಡುವಾಗ ಕೈ ಕಟ್ಟಿ ನಿಲ್ಲುತ್ತಿದ್ದ. ನಾನು ತಪ್ಪು ಮಾಡಿದರೆ ಯಾರೂ ಏನೂ ಹೇಳುತ್ತಿರಲಿಲ್ಲ. ಬೇಗ ಹಾರಿ ನೆಲ ಕಚ್ಚಿದರೆ "ಪರ್ವಾಗಿಲ್ಲ ಸಾರ್, ಪರ್ವಾಗಿಲ್ಲ" ಎನ್ನುವರು. ದುಡ್ಡು ಕೊಡುವ ಚೀಟಿ ಜೇಬಿನಲ್ಲಿದ್ದರೂ, ಇವರ ಕಣ್ಣಲ್ಲಿ ನಾನು ಶಾಲು ಹೊದ್ದೇ ನಿಂತಿದ್ದೇನೆ ಅನ್ನಿಸುತ್ತಿತ್ತು. ಗೆದ್ದೆ ಎಂದುಕೊಂಡದ್ದು ಇನ್ನೂ ಪೂರ್ತಿ ಗೆದ್ದಿರಲಿಲ್ಲ.

ಸಾಗರದಲ್ಲಿ ನಡೆದ ಪಂದ್ಯದಲ್ಲಿ ಅದು ಆಯಿತು. ಎದುರು ಸಾಗರದ ತಂಡವೇ, ಅವರದೇ ಊರು, ಅವರದೇ ಜನ. ಮೊದಲರ್ಧದಲ್ಲಿ ನಾನು ಇಬ್ಬರನ್ನು ಕೆಡವಿದೆ, ಸಾಗರದವರೇ ಕೆಲವರು ಶಿಳ್ಳೆ ಹಾಕಿದರು. ತಲೆ ಸ್ವಲ್ಪ ತಿರುಗಿತು ಎಂದು ಕಾಣುತ್ತದೆ. ಎರಡನೆಯ ಅರ್ಧದಲ್ಲಿ ಅವರ ರೈಡರ್ ಬಂದಾಗ ನಮ್ಮ ಕಡೆ ನಾವು ಮೂವರೇ ಉಳಿದಿದ್ದೆವು. ಅವನ ಉಸಿರು ಸೋತಿತ್ತು, ಸುಮ್ಮನೆ ನಿಂತಿದ್ದರೂ ವಾಪಸ್ಸು ಹೋಗುತ್ತಿದ್ದ. ನಾನು, ಇಪ್ಪತ್ತರ ಹುಡುಗನ ಹಾಗೆ, ಕಾಲು ನೋಡಿ ಹಾರಿದೆ. ಅವನು ಕಾಲು ಎಳೆದುಕೊಂಡ, ನಾನು ಮ್ಯಾಟಿನ ಮೇಲೆ ಬೋರಲು. ನನ್ನನ್ನೂ ನನ್ನ ನೆರವಿಗೆ ಬಂದ ಪಕ್ಕದವನನ್ನೂ ಮುಟ್ಟಿಕೊಂಡು ಓಡಿದ.

ಪ್ರೇಕ್ಷಕರ ಗದ್ದಲದ ಮೇಲೆ ಒಂದು ದನಿ ಬಂತು.

"ಏನ್ರೀ ಅದು! ಕಣ್ಣೆಲ್ಲಿ ಇಟ್ಟಿದ್ರಿ? ಹೋಗ್ತಿದ್ದೋನನ್ನ ಕರೆದು ಪಾಯಿಂಟ್ ಕೊಟ್ಟು ಕಳಿಸ್ತೀರಾ? ದುಡ್ಡು ಕೊಟ್ಟು ಕರ್ಕಂಡ್ ಬಂದಿದ್ದು ಮಲಗಕ್ಕಲ್ಲ! ಮಲಗದಾದ್ರೆ ನನ್ ಬಸ್ಸಲ್ಲಿ ಮಲಗಿ!"

ಬಸ್ಸಿನಕ್ಕ ಗೆರೆಯ ಹತ್ತಿರವೇ ಬಂದು ನಿಂತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. ನಮ್ಮ ಹುಡುಗರ ಮುಖ ಕಪ್ಪಿಟ್ಟಿತು. ಔಟಾಗಿ ಹೊರಗೆ ಬಂದು ಕುಳಿತಾಗ ಕೋಚು ಓಡಿಬಂದು ಕಿವಿಯಲ್ಲಿ ಹೇಳಿದ, "ತಪ್ಪು ತಿಳ್ಕಬೇಡಿ ಸಾರ್, ಅವ್ರು ಡ್ರೈವರಿಗೆ ಬೈದು ಬೈದು ಹಂಗೇ ಅಭ್ಯಾಸ."

ನಾನು ನಗುತ್ತಿದ್ದೆ. ತಡೆಯಲು ಆಗಲೇ ಇಲ್ಲ. ಕಣ್ಣಲ್ಲಿ ನೀರೂ ಬಂತು, ಅದನ್ನು ಜೆರ್ಸಿಯಲ್ಲಿ ಬೆವರಿನ ಜೊತೆ ಒರೆಸಿಕೊಂಡೆ. ಎಷ್ಟು ವರ್ಷವಾಗಿತ್ತು, ನನಗೆ ಯಾರಾದರೂ ಹೀಗೆ ಬಯ್ದು! ಅವರ ಕಣ್ಣಿಗೆ ನಾನು ಹಿರಿಯನೂ ಅಲ್ಲ, ಹೆಮ್ಮೆಯೂ ಅಲ್ಲ. ಕೆಲಸ ಕೆಡಿಸಿದ ಆಳು, ಅಷ್ಟೇ. ಆವತ್ತಿನಿಂದ ಹುಡುಗರೂ ಸರಿಹೋದರು. ಎರಡೇ ದಿನದಲ್ಲಿ ಆನಂದಪುರದ ರೈಡರ್ "ಅಣ್ಣಾ, ಕಾಲು ಹಿಂದಿಡಾ ಮಾರಾಯಾ!" ಎಂದು ಅಭ್ಯಾಸದಲ್ಲಿ ಕೂಗಿದ. ನಾನೂ ಅವನಿಗೆ ಸಮನಾಗಿ ಕೂಗಿದೆ.

ಆ ಪಂದ್ಯ ಸೋತೆವು. ಲೀಗಿನಲ್ಲಿ ಎರಡನೆಯ ಸ್ಥಾನ ಬಂತು. ಎಲ್ಲ ಮುಗಿದ ಮೇಲಿನ ವಾರ ದುಡ್ಡು ತೆಗೆದುಕೊಂಡು ಹೋಗಿ ಎಂದು ಬಸ್ಸಿನಕ್ಕ ಹೇಳಿ ಕಳಿಸಿದರು. ಬೆಳಗ್ಗೆಯ ಬಸ್ಸಿಗೆ ತೀರ್ಥಹಳ್ಳಿಗೆ ಹೋದೆ. ಅವರು ಬಸ್‌ಸ್ಟ್ಯಾಂಡಿನಲ್ಲೇ ನಿಂತು ಕಂಡಕ್ಟರನೊಬ್ಬನನ್ನು ವಿಚಾರಿಸಿಕೊಳ್ಳುತ್ತಿದ್ದರು. ನನ್ನನ್ನು ನೋಡಿ ಕೈಚೀಲದಿಂದ ಕವರು ತೆಗೆದು ಕೊಟ್ಟರು. ನಾನು ಅಲ್ಲೇ ತೆರೆದು ನೋಡಿದೆ. ಕಡಿಮೆ ಇತ್ತು.

"ಅಕ್ಕಾ, ಇದ್ರಲ್ಲಿ ಕಮ್ಮಿ ಇದೆಯಲ್ಲ?"

"ಸಾಗರದ ಪಾಯಿಂಟಿಂದು ಕಟ್ ಮಾಡಿದೀನಿ. ಡ್ರೈವರು ಬಸ್ಸಿಗೆ ಗೀರು ಮಾಡಿದ್ರೆ ಅವ್ನಿಗೂ ಕಟ್ಟೇ."

"ಇದೆಲ್ಲಿ ನ್ಯಾಯ? ಅದೇ ಪಂದ್ಯದಲ್ಲಿ ಇಬ್ರನ್ನ ಹಿಡಿದಿಲ್ವಾ ನಾನು? ಅದಕ್ಕೆ ಜಾಸ್ತಿ ಕೊಟ್ರಾ?"

"ಹಿಡಿಯಕ್ಕೇ ಅಲ್ವಾ ಕೊಟ್ಟಿದ್ದು!"

ನನ್ನ ದನಿ ಏರಿತು, ಅವರದೂ ಏರಿತು. ಕಂಡಕ್ಟರ್ ತನ್ನ ಪಾಡಿಗೆ ಪಾರಾದೆನೆಂದು ಬಸ್ಸು ಹತ್ತಿಬಿಟ್ಟ. ಪ್ರಯಾಣಿಕರು ಕಿಟಕಿಯಿಂದ ತಲೆ ಹಾಕಿ ನೋಡಿದರು. ಮಾತು ಕೊಟ್ಟ ಮೇಲೆ ಕೊಡಬೇಕು ಎಂದೆ, ಆಟ ಆಡಿದ ಮೇಲೆ ಸರಿಯಾಗಿ ಆಡಬೇಕು ಎಂದರು. ನಾನು ಬಿಡಲಿಲ್ಲ. ಅಷ್ಟರಲ್ಲಿ ಹೊಸನಗರದ ಬಸ್ಸಿನವನು ಹಾರ್ನ್ ಹೊಡೆಯತೊಡಗಿದ, ಅವರಿಗೆ ಹೊತ್ತಾಗುತ್ತಿತ್ತು.

"ಅಯ್ಯೋ, ತಲೆ ತಿನ್ಬೇಡಿ ಮಾರಾಯ್ರೇ!" ಎಂದು ಅವರು ನನ್ನನ್ನು ಬಸ್ಸಿನ ಬಾಗಿಲ ಕಡೆ ದಬ್ಬಿದರು. "ಹೋಗಿ ಈಗ. ಕಟ್ ಮಾಡಿದ್ದನ್ನ ಮುಂದಿನ ವರ್ಷದ ದುಡ್ಡಲ್ಲಿ ಸೇರ್ಸಿ ಕೊಡ್ತೀನಿ."

ಮುಂದಿನ ವರ್ಷ! ನಾನು ಕವರು ಜೇಬಿಗಿಟ್ಟುಕೊಂಡು ಬಸ್ಸು ಹತ್ತಿದೆ.